ಬಾಂಬೆ ರೊಟ್ಟಿ

ನಮ್ಮ ದೇವಸಮುದ್ರದಲ್ಲಿ ಯಾರ ಕೈಯಲ್ಲಾದರೂ ಬ್ರೆಡ್ ಪ್ಯಾಕೆಟ್ ಕಂಡರೆ ಎದುರಿಗೆ ಸಿಕ್ಕವರು ಕೇಳುವ ಮೊದಲ ಮಾತು, "ಯಾರಿಗೆ ಹುಷಾರಿಲ್ಲ?" ಬ್ರೆಡ್ಡನ್ನು ಆಸೆಪಟ್ಟು ಕೊಂಡು ತಿನ್ನುವವರು ನಮ್ಮಲ್ಲಿ ಕಡಿಮೆ. ಜ್ವರ ಬಂದವರಿಗೆ ಹಾಲಿನಲ್ಲಿ ಅದ್ದಿ ಕೊಡಬೇಕು, ಇಲ್ಲವೇ ಆಸ್ಪತ್ರೆಯಿಂದ ಬಂದವರನ್ನು ನೋಡಲು ಹೋಗುವಾಗ ಒಂದು ಪ್ಯಾಕೆಟ್ ಹಿಡಿದುಕೊಂಡು ಹೋಗಬೇಕು, ಅಷ್ಟೇ. ನಮ್ಮ ಅತ್ತೆ ಹೊನ್ನಕ್ಕ ಚಳ್ಳಕೆರೆಯ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ಮನೆಗೆ ಬಂದ ಮೂರನೇ ದಿನಕ್ಕೆ ನಮ್ಮ ಅಡುಗೆಮನೆಯ ಗೂಡಿನಲ್ಲಿ ಹದಿನಾಲ್ಕು ಪ್ಯಾಕೆಟ್ ಬ್ರೆಡ್ ಸೇರಿದ್ದವು. ಬಂದವರಿಗೆಲ್ಲ ಟೀ ಕಾಸಿ ಕಾಸಿ ನನ್ನ ಕೈ ಬಿದ್ದುಹೋಗಿತ್ತು, ಅದು ಬೇರೆ ಮಾತು.

ಅತ್ತೆಗೆ ಆಗಿದ್ದು ಇಷ್ಟು. ಬಲಗಾಲಿನ ಹೆಬ್ಬೆರಳಿಗೆ ಜಾಲಿ ಮುಳ್ಳು ಚುಚ್ಚಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. ಬೆರಳು ಕಪ್ಪಾಗಿ ಕೀವು ಸೋರುತ್ತಿದ್ದುದನ್ನು ನಾನು ನೋಡಿ ಕಿರುಚಿಕೊಂಡ ಮೇಲೆಯೇ ಅವರು ತಮ್ಮ ಕಾಲು ನೋಡಿಕೊಂಡಿದ್ದು. ಚಳ್ಳಕೆರೆಗೆ ಕರೆದುಕೊಂಡು ಹೋದರೆ ರಕ್ತದಲ್ಲಿ ಸಕ್ಕರೆ ನಾನೂರರ ಮೇಲಿತ್ತು. ಎಷ್ಟು ವರ್ಷದಿಂದ ಇತ್ತೋ ದೇವರಿಗೇ ಗೊತ್ತು.

"ನಾನು ಸಿಹಿ ತಿನ್ನೋಳೇ ಅಲ್ಲ ಸಾರ್, ನಂಗೆಂಗೆ ಬಂತು ಈ ಸಕ್ಕರೆ ಕಾಯಿಲೆ?" ಎಂದು ಅತ್ತೆ ಡಾಕ್ಟರನ್ನು ಕೇಳಿದರು.

"ಇಲ್ಲಿಗೆ ಬರೋರೆಲ್ಲ ಹಂಗೇ ಹೇಳ್ತಾರಮ್ಮ," ಎಂದು ಡಾಕ್ಟರು ನಕ್ಕರು. ನಾವೂ ನಕ್ಕೆವು.

ಆಮೇಲೆ ಡಾಕ್ಟರು ನಗಲಿಲ್ಲ. "ಒಂದು ತಿಂಗಳು ಟೈಮ್ ಕೊಡ್ತೀನಿ. ಶುಗರ್ ಹತೋಟಿಗೆ ಬಂದರೆ ಗಾಯ ಮಾಯುತ್ತೆ. ಬರಲಿಲ್ಲ ಅಂದ್ರೆ ಬೆರಳು ತೆಗೀಬೇಕು. ಅಲ್ಲಿಗೂ ನಿಲ್ಲದಿದ್ರೆ ಪಾದ. ಸಕ್ಕರೆ ಮುಟ್ಟಲೇಬೇಡಿ. ಅನ್ನ ಕಡಿಮೆ ಮಾಡಿ. ರೊಟ್ಟಿ, ಮುದ್ದೆ, ಸೊಪ್ಪು ತಿನ್ನಿ," ಎಂದರು. ನಮ್ಮ ಮಾವ ಮಾರಯ್ಯ ಬೆಂಚಿನ ತುದಿಯಲ್ಲಿ ಕೂತು ಒಂದೊಂದು ಮಾತಿಗೂ ತಲೆಯಾಡಿಸುತ್ತಿದ್ದರು. ಆ ಮಾತುಗಳನ್ನು ಅವರು ಎಷ್ಟು ಚೆನ್ನಾಗಿ ಕೇಳಿಸಿಕೊಂಡಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು.

ಮಾವನ ವಿಷಯ ಸ್ವಲ್ಪ ಹೇಳಬೇಕು. ನಲವತ್ತು ವರ್ಷ ಊರ ಹಿಂದಿನ ಬಂಡೆ ಗುಡ್ಡದಲ್ಲಿ ಕುರಿ ಕಾಯ್ದವರು. ಮಂಡಿ ನೋವೆಂದು ಮೂರು ವರ್ಷದ ಹಿಂದೆ ಕುರಿ ಮಾರಿದರು. ಕುರಿ ಇರುವಷ್ಟು ದಿನ ಅತ್ತೆ ದಿನಾ ಮಧ್ಯಾಹ್ನ ಬುತ್ತಿ ಹೊತ್ತುಕೊಂಡು ಬರಿಗಾಲಲ್ಲಿ ಗುಡ್ಡ ಹತ್ತುತ್ತಿದ್ದರು. ಮಾವ ಬಂಡೆಯ ಮೇಲೆ ಕೂತು ಉಂಡು ಕೈ ಒರೆಸಿಕೊಳ್ಳುತ್ತಿದ್ದರು, ಇವರು ಪಾತ್ರೆ ಹೊತ್ತುಕೊಂಡು ಇಳಿಯುತ್ತಿದ್ದರು. ಅಡುಗೆಮನೆಯ ಹೊಸ್ತಿಲು ದಾಟಿದ ಗಂಡಸಲ್ಲ ನಮ್ಮ ಮಾವ. ಬಾಯಾರಿದರೆ ಜಗಲಿಯಿಂದಲೇ "ಲೇ, ನೀರು!" ಎಂದು ಕೂಗಬೇಕು. ಅತ್ತೆ ಹಟ್ಟಿಯ ಆ ತುದಿಯಲ್ಲಿದ್ದರೂ ಓಡಿ ಬರಬೇಕು. ನಮ್ಮ ಮನೆಯವರೂ ಅಪ್ಪನ ಮಗನೇ. ಟಾಟಾ ಏಸ್ ಗಾಡಿಯಲ್ಲಿ ಶೇಂಗಾ ಚೀಲ ಹೇರಿಕೊಂಡು ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಹೋಗಿ ಬರುವ ಮನುಷ್ಯನಿಗೆ ಒಲೆಯ ಮೇಲಿನ ಸಾರು ಬಗ್ಗಿಸಿಕೊಳ್ಳಲು ಬರುವುದಿಲ್ಲ. ಹೆಸರು ಪಾಲಾಕ್ಷ. ನಾನು ಹೆಸರು ಹಿಡಿದು ಕರೆಯುವುದಿಲ್ಲ, ಸಿಟ್ಟು ಬಂದಾಗ ಮನಸ್ಸಿನಲ್ಲಿ ಕರೆಯುತ್ತೇನೆ.

ಆ ಭಾನುವಾರ ನನ್ನ ಮಗಳು ಕಾಂಚನಾ ಗೂಡಿನ ಮುಂದೆ ನಿಂತು, "ಅಮ್ಮಾ, ಇಷ್ಟು ಬ್ರೆಡ್ ಏನ್ ಮಾಡ್ತೀಯಾ? ಬೂಷ್ಟು ಹಿಡಿಯುತ್ತೆ," ಎಂದಳು. ಒಂಬತ್ತನೇ ಕ್ಲಾಸು ಓದುತ್ತಾಳೆ, ಬಾಯಿ ಬಲು ಜೋರು.

"ಕೋಳಿಗೆ ಹಾಕೇ."

"ಕೋಳಿಗ್ಯಾಕೆ? ಫ್ರೆಂಚ್ ಟೋಸ್ಟ್ ಮಾಡ್ತೀನಿ. ಫೋನಲ್ಲಿ ನೋಡಿದೀನಿ."

ಮೊಬೈಲನ್ನು ಉಪ್ಪಿನ ಡಬ್ಬಕ್ಕೆ ಒರಗಿಸಿ ಶುರುಮಾಡಿದಳು. ನಾಲ್ಕು ಮೊಟ್ಟೆ ಒಡೆದು, ಹಾಲು, ಸಕ್ಕರೆ, ಏಲಕ್ಕಿ, ಚಿಟಿಕೆ ಉಪ್ಪು ಹಾಕಿ ಕದಡಿದಳು. ಬ್ರೆಡ್ಡನ್ನು ಎರಡೂ ಕಡೆ ಅದ್ದಿ, ತವಾದ ಮೇಲೆ ತುಪ್ಪ ಸುರಿದಳು. ಸುರಿದಳು ಎಂದರೆ ಸುರಿದಳು, ನನ್ನ ಹೊಟ್ಟೆ ಉರಿಯುವಷ್ಟು. ಬ್ರೆಡ್ಡು ಉಬ್ಬಿ, ಅಂಚು ಕೆಂಪಗಾಗಿ, ಮೇಲೆ ಉದುರಿಸಿದ ಸಕ್ಕರೆ ಕರಗಿ ಗರಿಗರಿಯಾಯಿತು. ವಾಸನೆಗೆ ಪಕ್ಕದ ಮನೆಯವರು ಇಣುಕಿದರು.

ಮಾವ ಎದ್ದು ಬಂದು ಹೊಸ್ತಿಲಾಚೆ ನಿಂತಿದ್ದರು. "ಅದೇನವ್ವ ಅದು?"

"ಫ್ರೆಂಚ್ ಟೋಸ್ಟ್ ತಾತ."

"ನಮ್ಮ ಬೇಕರಿಗಳಾಗೆ ಬಾಂಬೆ ಟೋಸ್ಟ್ ಅಂತಾರಲ್ಲ ಮಾವ, ಅದೇ," ಎಂದೆ ನಾನು.

"ಬಾಂಬೆ ರೊಟ್ಟೀನಾ?" ಎಂದರು ಮಾವ. ಕಾಂಚನಾ ಬಿದ್ದು ಬಿದ್ದು ನಕ್ಕಳು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಬಾಂಬೆ ರೊಟ್ಟಿಯೇ ಆಯಿತು.

ಎಲ್ಲರೂ ತಿಂದೆವು. ಅತ್ತೆಯ ತಟ್ಟೆಗೆ ಒಂದು ಮೂಲೆ ಮುರಿದು ಹಾಕಿದೆ. ಅವರು ಅದರಲ್ಲೂ ಒಂದು ಚೂರು ಬಾಯಿಗಿಟ್ಟು, ಉಳಿದಿದ್ದನ್ನು ಕಾಂಚನಾ ತಟ್ಟೆಗೆ ಹಾಕಿದರು. ಅತ್ತೆಯದು ಯಾವಾಗಲೂ ಹೀಗೇ. ಯುಗಾದಿಯಲ್ಲಿ ಐವತ್ತು ಹೋಳಿಗೆ ತಟ್ಟಿದರೂ ತಮ್ಮ ಪಾಲಿನದನ್ನು ಯಾರಿಗಾದರೂ ಹಾಕಿ ಮುದ್ದೆ ಉಣ್ಣುವವರು. ಮನೆಮಂದಿಗಾಗಿ ಬಾಯಿ ಕಟ್ಟಿದ ಜೀವ ಎಂದು ನಾನು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ.

"ಪಾಪ, ಇವತ್ತೂ ಇಲ್ಲ ಇವಳಿಗೆ," ಎಂದು ಮಾವ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ಆಮೇಲೆ ಅವರು ಕಾಂಚನಾಳನ್ನು ಕೇಳಿದರು, "ಮೊಟ್ಟೆ ಎಷ್ಟ್ ಹಾಕ್ದೆ? ಎಷ್ಟ್ ಹೊತ್ತು ಬಿಡ್ಬೇಕು?" ಮುದುಕರಿಗೆ ಹೊತ್ತು ಹೋಗಬೇಕಲ್ಲ ಎಂದುಕೊಂಡೆ.

ನಾನು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಬೆಳಗ್ಗೆ ಎಂಟೂವರೆಗೆ ಹೋದರೆ ಬರುವುದು ಮೂರು ಗಂಟೆಗೆ. ಹೋಗುವ ಮೊದಲು ಅತ್ತೆಯ ಕಾಲು ತೊಳೆದು, ಔಷಧಿ ಹಚ್ಚಿ, ಬಟ್ಟೆ ಸುತ್ತಿ, ಮಾತ್ರೆ ನುಂಗಿಸಿ, ಮಧ್ಯಾಹ್ನಕ್ಕೆ ಚಿಕ್ಕ ಮುದ್ದೆ, ಸೊಪ್ಪಿನ ಸಾರು, ಸೌತೆಕಾಯಿ ಮುಚ್ಚಿಟ್ಟು ಹೋಗುತ್ತಿದ್ದೆ. ದೇವರಾಣೆಗೂ ಒಂದು ದಿನ ತಪ್ಪಿಸಲಿಲ್ಲ.

ಎರಡನೇ ವಾರ ಸಿದ್ದಾಪುರದಿಂದ ನಮ್ಮ ಮನೆಯವರ ಅಕ್ಕ ಯರ್ರಮ್ಮ ಬಂದಳು. ಅವಳ ಕೈಯಲ್ಲೂ ಬ್ರೆಡ್ಡು. ಬಂದವಳು ಅವ್ವನ ತಟ್ಟೆ ನೋಡಿ ಗಲ್ಲದ ಮೇಲೆ ಕೈಯಿಟ್ಟಳು.

"ಅಮ್ಮೋ! ಇದೇನು ಗೀತಾ, ಗುಬ್ಬಿಗೆ ಇಟ್ಟಂಗೆ ಇಟ್ಟಿದ್ದೀಯಾ? ನಮ್ಮವ್ವನ್ನ ಹೊಟ್ಟೆ ಕಟ್ಟಿ ಸಾಯಿಸ್ತೀಯಾ?"

"ಡಾಕ್ಟ್ರು ಹೇಳಿದ್ದು ಅಕ್ಕ, ನಾನಲ್ಲ."

"ಡಾಕ್ಟ್ರು ಸಾವಿರ ಹೇಳ್ತಾರೆ. ನೋಡು, ಮುಖ ಹೆಂಗೆ ಬಾಡೈತೆ! ಅವ್ವಾ, ಹೊಟ್ಟೆ ತುಂಬ್ತೈತೇನೆ ನಿಂಗೆ?"

"ತುಂಬ್ತೈತೆ ಬಿಡೇ," ಎಂದರು ಅತ್ತೆ.

"ಸೊಸೆ ಮುಂದೆ ಇನ್ನೇನ್ ಅಂತೀಯಾ ನೀನು."

ನನಗೆ ಮೈ ಉರಿಯಿತು. "ಅಷ್ಟು ಕರುಳು ಚುರ್ ಅಂದ್ರೆ ಒಂದ್ ತಿಂಗ್ಳು ಕರ್ಕಂಡ್ ಹೋಗಿ ನೀನೇ ನೋಡ್ಕ ಅಕ್ಕ. ಕೀವು ತೊಳ್ದು ನೋಡು, ಗೊತ್ತಾಗ್ತೈತೆ," ಎಂದುಬಿಟ್ಟೆ. ಯರ್ರಮ್ಮ ಮೂರು ಮನೆಗೆ ಕೇಳುವಂತೆ ಅತ್ತಳು. ಸಂಜೆಯ ಬಸ್ಸಿಗೆ ಹೊರಟಾಗ ನನಗೆ ಹೋಗಿ ಬರುತ್ತೇನೆ ಎನ್ನಲಿಲ್ಲ. ಇಷ್ಟೆಲ್ಲ ಆಗುವಾಗ ಮಾವ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದಿದ್ದರು.

ಹದಿನೈದು ದಿನಕ್ಕೆ ಚಳ್ಳಕೆರೆಗೆ ಹೋದೆವು. ಶುಗರ್ ಮುನ್ನೂರ ಅರವತ್ತು. ಗಾಯದ ಬಟ್ಟೆ ಬಿಚ್ಚಿದರೆ ಪಕ್ಕದ ಬೆರಳಿಗೂ ಕಪ್ಪು ಹತ್ತಿತ್ತು.

"ಮನೇಲಿ ಅಡುಗೆ ಯಾರು ಮಾಡೋದು?" ಎಂದರು ಡಾಕ್ಟರು.

"ನಾನು ಸಾರ್."

"ಏನಮ್ಮ ಹಾಕ್ತಿದ್ದೀಯ ಇವರಿಗೆ? ಇನ್ನು ಹದಿನೈದೇ ದಿನ. ಆಮೇಲೆ ನನ್ನ ಕೈಲಿ ಏನೂ ಇಲ್ಲ."

ಅಷ್ಟು ಜನರ ಮುಂದೆ ನಾನು ನೆಲ ನೋಡುತ್ತಾ ನಿಂತೆ. ಅತ್ತೆ ಬಾಯಿ ಬಿಡಲಿಲ್ಲ. ಗಾಡಿಯಲ್ಲಿ ವಾಪಸ್ಸು ಬರುವಾಗ ನಮ್ಮ ಮನೆಯವರು ಶುರುಮಾಡಿದರು.

"ಇಸ್ಕೂಲಾಗೆ ನೂರಿಪ್ಪತ್ತು ಮಕ್ಳಿಗೆ ಬೇಯ್ಸಿ ಹಾಕ್ತೀಯ. ಮನೇಲಿ ಒಬ್ರಿಗೆ ಪಥ್ಯ ಮಾಡಕ್ಕಾಗಲ್ವಾ ನಿಂಗೆ?"

"ಹಂಗಾದ್ರೆ ನಾಳೆಯಿಂದ ನೀವೇ ಮಾಡ್ರಿ."

"ನಾನ್ ಮಾಡಂಗಿದ್ರೆ ನಿನ್ನ ಯಾಕೆ ತಂದ್ಕಂತಿದ್ದೆ?"

"ಅಡುಗೆ ಭಟ್ಟನ್ನ ಇಟ್ಕಂಬೇಕಿತ್ತು, ಮದ್ವೆ ಯಾಕೆ ಮಾಡ್ಕಂಡ್ರಿ?"

ನಡುವೆ ಕೂತ ಅತ್ತೆ, "ಬಿಡ್ರೋ, ನನ್ನ ಕಾಲು, ನನ್ನ ಹಣೆಬರ," ಎಂದರು. 

ಮನೆಗೆ ಬಂದವಳೇ ನಾನು ಪೊಲೀಸಾದೆ. ಸಕ್ಕರೆ ಡಬ್ಬವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮಾವನಿಗೂ ಸಪ್ಪೆ ಟೀ. ಬೆಲ್ಲದ ಡಬ್ಬ ಮಾತ್ರ ಮೆಣಸಿನಪುಡಿಯ ಪಕ್ಕದಲ್ಲಿ ಇದ್ದಲ್ಲೇ ಇತ್ತು. ಸಾರಿಗೆ ಬೇಕಾಗುತ್ತದೆಂದು ಬಿಟ್ಟಿದ್ದೆ. ನನ್ನ ಬುದ್ಧಿಗೆ ಏನು ಹಿಡಿದಿತ್ತೋ, ಅದು ನನಗೆ ಹೊಳೆಯಲೇ ಇಲ್ಲ.

ಆದರೆ ಮೊಟ್ಟೆ ಲೆಕ್ಕ ತಪ್ಪುತ್ತಿರುವುದು ಕಣ್ಣಿಗೆ ಬಿತ್ತು. ಮನೆಯಲ್ಲಿ ಆರು ಕೋಳಿ. ಬುಟ್ಟಿಯಲ್ಲಿ ದಿನಾ ಎರಡು ಮೊಟ್ಟೆ ಮಾಯ. ನಾನು ಮನೆಯಲ್ಲಿರುವ ಭಾನುವಾರ ಬಿಟ್ಟರೆ ಶನಿವಾರ ಮಾತ್ರ ಸರಿಯಾಗಿರುತ್ತಿತ್ತು. ತುಪ್ಪದ ಗಿಂಡಿಯೂ ಇಳಿಯುತ್ತಿತ್ತು. ಬಾಂಬೆ ರೊಟ್ಟಿ ಕಲಿತವಳು ಯಾರು? ಕಾಂಚನಾ. ಒಂದು ಸಂಜೆ ಅವಳ ಜಡೆ ಹಿಡಿದು ಎಳೆದೆ.

"ಅಜ್ಜಿಗೆ ಕದ್ದು ಮಾಡಿ ಕೊಡ್ತಿದ್ದೀಯೇನೇ?"

"ನಾನಲ್ಲಮ್ಮ."

"ಮತ್ತೆ ಮೊಟ್ಟೆ ಯಾರು ತಿಂತಾರೆ, ದೆವ್ವಾನಾ?"

"ನಾನಲ್ಲ ಅಂದ್ನಲ್ಲ!"

ಕೆನ್ನೆಗೆ ಬಾರಿಸಿದೆ. ಅವಳು ಅಳಲಿಲ್ಲ, ಜಗಲಿಯ ಮೇಲಿದ್ದ ತಾತನ ಕಡೆ ಒಂದು ಸಲ ನೋಡಿ ಪುಸ್ತಕ ಎತ್ತಿಕೊಂಡು ಒಳಗೆ ಹೋದಳು. ಮಾವ ಎದ್ದು ನಿಂತವರು ಮತ್ತೆ ಕೂತರು. ಶನಿವಾರ ಆಂಜನೇಯನ ದಿನ ಎಂದು ಮೊಟ್ಟೆ ಮುಟ್ಟದವರು ನಮ್ಮ ಮನೆಯಲ್ಲಿ ಒಬ್ಬರೇ ಒಬ್ಬರು. ಆಗಲೇ ತಿಳಿಯಬೇಕಿತ್ತು ನನಗೆ. ಕೈ ಮುಂದಾದವಳಿಗೆ ತಲೆ ಎಲ್ಲಿ ಓಡಬೇಕು?

ನಾಲ್ಕನೇ ವಾರ, ಬುಧವಾರ. ಶಾಲೆಯಿಂದ ಬರುವಾಗ ಬಸ್‌ಸ್ಟ್ಯಾಂಡಿನ ಬೇಕರಿಯ ತೋಟಪ್ಪ ಕೂಗಿ ಕರೆದ.

"ಗೀತಕ್ಕ, ನಿಮ್ಮತ್ತೆಗೆ ಇನ್ನೂ ವಾಸಿ ಆಗ್ಲಿಲ್ವಾ?"

"ಯಾಕಪ್ಪ?"

"ಅಲ್ಲಾ, ಮಾರಯ್ಯ ಒಂದಿನ ಬಿಟ್ಟು ಒಂದಿನ ಬಂದು ಬ್ರೆಡ್ ತಗಂಡ್ ಹೋಗ್ತಾನೆ. ಪಾಪ, ಟವೆಲ್ಲಾಗೆ ಸುತ್ಕಂಡು ಹೋಗ್ತಾನೆ. ಇನ್ನೂ ಜೋರೈತೇನೋ ಅನ್ಕಂಡೆ."

ಗೂಡಿನ ಬ್ರೆಡ್ಡು ಮುಗಿದು ಎಷ್ಟೋ ದಿನವಾಗಿತ್ತು. ಕೋಳಿಗೆ ಹೋಯಿತು ಎಂದುಕೊಂಡಿದ್ದೆ.

ಮಾರನೆಯ ದಿನ ಜೊತೆಯ ಅಡುಗೆಯವಳಿಗೆ ಸಾಂಬಾರು ನೋಡಿಕೊಳ್ಳಲು ಹೇಳಿ ಹನ್ನೊಂದಕ್ಕೆ ಮನೆಗೆ ಬಂದೆ. ಬೀದಿಗೇ ತುಪ್ಪದ ವಾಸನೆ. ಚಪ್ಪಲಿ ಹೊರಗೆ ಬಿಟ್ಟು ಸದ್ದಿಲ್ಲದೆ ಒಳಗೆ ಹೋದೆ.

ಮಾವ ಒಲೆಯ ಮುಂದೆ ನಿಂತಿದ್ದರು. ಟವೆಲ್ಲನ್ನು ಸೊಂಟಕ್ಕೆ ಸುತ್ತಿಕೊಂಡಿದ್ದರು. ಕುರಿಯ ಉಣ್ಣೆ ಕತ್ತರಿಸಿ ಗಡುಸಾದ ಬೆರಳುಗಳಲ್ಲಿ ಮೊಟ್ಟೆ ಕದಡಿದ ಬಟ್ಟಲಿಗೆ ಬ್ರೆಡ್ಡನ್ನು ಮುರಿಯದಂತೆ ಅದ್ದುತ್ತಿದ್ದರು. ಎರಡು ಬೆರಳ ತುದಿಯಲ್ಲಿ ಸುಟ್ಟ ಬೊಬ್ಬೆ. ಪಕ್ಕದ ಸಣ್ಣ ಬಾಣಲೆಯಲ್ಲಿ ಬೆಲ್ಲ ಪಾಕವಾಗಿ ಗುಳ್ಳೆ ಬರುತ್ತಿತ್ತು. ಬೆಂದ ಬ್ರೆಡ್ಡನ್ನು ತಟ್ಟೆಗೆ ಹಾಕಿ, ಮೇಲೆ ಪಾಕ ಬಿಟ್ಟು, ಚಾಪೆಯ ಮೇಲೆ ಕಾಲು ಚಾಚಿ ಕೂತ ಅತ್ತೆಯ ಮುಂದೆ ಇಟ್ಟರು. ಇಟ್ಟು ತಾವೂ ಎದುರಿಗೆ ಕುಕ್ಕರುಗಾಲಲ್ಲಿ ಕೂತರು.

"ಬಿಸಿ ಐತೆ, ಊದ್ಕಂಡು ತಿನ್ನು. ಇವತ್ತು ಸೀದಿಲ್ಲ ನೋಡು."

ಅತ್ತೆ ಊದಿಕೊಂಡು ತಿಂದರು. ಆಮೇಲೆ ಮಾವ ಎದ್ದು ಹೋಗಿ ಒಂದು ಲೋಟ ನೀರು ತಂದು ಅವರ ಬಲಗೈ ಪಕ್ಕ ಇಟ್ಟರು.

ಸುಳ್ಳು ಯಾಕೆ ಹೇಳಲಿ, ಮೊದಲು ನನಗೆ ಬಂದಿದ್ದು ಸಿಟ್ಟಲ್ಲ, ಹೊಟ್ಟೆಕಿಚ್ಚು. ಹದಿನಾರು ವರ್ಷದ ಸಂಸಾರದಲ್ಲಿ ನನ್ನ ಮುಂದೆ ಯಾರೂ ಹಾಗೆ ಕೂತಿಲ್ಲ. ಸಿಟ್ಟು ಆಮೇಲೆ ಬಂತು, ಬಂದಾಗ ಚೆನ್ನಾಗಿಯೇ ಬಂತು.

"ಮಾವ! ಏನ್ ಮಾಡ್ತಿದ್ದೀರಿ ನೀವು?"

ಇಬ್ಬರೂ ಬೆಚ್ಚಿದರು. ಮಾವ ಅರೆಗಳಿಗೆ ತಡವರಿಸಿ ಎದೆ ಸೆಟೆಸಿದರು. "ಏನ್ ಮಾಡ್ದೆ? ಪಥ್ಯದ್ದೇ ಕೊಟ್ಟಿದ್ದೀನಿ. ಬ್ರೆಡ್ಡು ರೋಗಸ್ತರು ತಿನ್ನೋದೇ. ರೊಟ್ಟಿ ತಿನ್ರಿ ಅಂತ ಡಾಕ್ಟ್ರೇ ಹೇಳವ್ರೆ. ಸಕ್ಕರೆ ಮುಟ್ಟಬ್ಯಾಡ ಅಂದ್ರು, ಒಂದ್ ಕಾಳು ಮುಟ್ಟಿಲ್ಲ. ಬೆಲ್ಲ ಹಾಕಿದ್ದೀನಿ."

"ಬೆಲ್ಲ ಬೇರೆ, ಸಕ್ಕರೆ ಬೇರೆನಾ ಮಾವ? ಎರಡೂ ಕಬ್ಬಿಂದೇ ಅಲ್ವಾ ಬರೋದು? ಎರಡೂ ಒಂದೇ ಅಲ್ವಾ ರಕ್ತಕ್ಕೆ?"

"ಬೆಲ್ಲ... ಬಾಣಂತೇರಿಗೂ ಕೊಡ್ತಾರಲ್ಲವ್ವ."

"ಬೆರಳು ಹೋಗ್ತೈತೆ ಮಾವ! ನೀವು ದಿನಾ ತುಪ್ಪ ಸುರ್ದು ಅವರ ಬೆರಳು ತಿನ್ನಿಸಿದ್ದೀರಿ!"

ನಾನು ಅಂದಿದ್ದು ಹೆಚ್ಚಾಯಿತು, ಗೊತ್ತು. ಮಾವ ಒಲೆ ಆರಿಸಲು ಹೋದರು, ಗಾಬರಿಯಲ್ಲಿ ಎತ್ತ ತಿರುಗಿಸಬೇಕೆಂದು ತಿಳಿಯದೆ ಉರಿ ಇನ್ನೂ ದೊಡ್ಡದಾಯಿತು. ನಾನೇ ಹೋಗಿ ಆರಿಸಿದೆ. ಅವರು ಹೊರಗೆ ನಡೆದುಹೋದರು.

ನಾನು ಅತ್ತೆಯ ಕಡೆ ತಿರುಗಿದೆ. "ಅವರಿಗೆ ತಿಳಿಯದು. ನಿಮಗೂ ತಿಳಿಯಲ್ವಾ? ಡಾಕ್ಟ್ರು ನನ್ನ ಬಯ್ಯುವಾಗ ಸುಮ್ನೆ ಕೂತ್ರಲ್ಲ! ಮಗೂನ ಹೊಡೆದೆನಲ್ಲ ನಾನು!"

ಅತ್ತೆ ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. "ತಪ್ಪಾತು ಗೀತಾ. ನಲವತ್ತು ವರ್ಷಕ್ಕೆ ಒಲೆ ಮುಂದೆ ನಿಂತವ್ರೆ. ಕೈ ಸುಟ್ಕಂಡು ಮಾಡವ್ರೆ. ಹೆಂಗೆ ಬ್ಯಾಡ ಅನ್ಲಿ ನಾನು?"

ತಟ್ಟೆ ಎತ್ತಿಕೊಂಡು ಹೋಗಿ ಉಳಿದಿದ್ದನ್ನು ಕೋಳಿಗೆ ಹಾಕಿದೆ.

ಸಂಜೆ ಕಾಂಚನಾಳ ತಲೆ ಬಾಚುತ್ತಾ ಕೇಳಿದೆ, "ಗೊತ್ತಿತ್ತಲ್ಲ ನಿಂಗೆ? ಯಾಕೆ ಹೇಳ್ಲಿಲ್ಲ?"

"ತಾತ ತಲೆ ಮೇಲೆ ಕೈ ಇಡಿಸ್ಕಂಡು ಆಣೆ ಹಾಕ್ಸಿದ್ರು. ನೀನು ಬಯ್ತೀಯ ಅಂತ. ಬೆಲ್ಲ ತಿಂದ್ರೆ ಒಳ್ಳೇದು, ರಕ್ತ ಆಗುತ್ತೆ ಅಂತ ಸ್ಕೂಲಲ್ಲಿ ಹೇಳ್ತಾರಲ್ಲಮ್ಮ, ಅದಕ್ಕೆ ಪರವಾಗಿಲ್ಲ ಅನ್ಕಂಡೆ." ಆಗ ಅತ್ತಳು. ಹೊಡೆದ ದಿನದ್ದೂ ಸೇರಿಸಿ ಅತ್ತಳು. ನಾನೂ ಅತ್ತುಬಿಟ್ಟೆ.

ಮುಂದಿನ ಸೋಮವಾರ ಚಳ್ಳಕೆರೆಯಲ್ಲಿ ಎರಡು ಬೆರಳು ತೆಗೆದರು. ಹೆಬ್ಬೆರಳು, ಅದರ ಪಕ್ಕದ್ದು. "ಪಾದ ಸದ್ಯಕ್ಕೆ ಉಳೀತು. ಇನ್ನು ಮೇಲೆ ನಿಮ್ಮ ಕೈಲಿದೆ," ಎಂದರು ಡಾಕ್ಟರು. ಕಾಲುಂಗುರವನ್ನು ನರ್ಸಮ್ಮ ಒಂದು ಹತ್ತಿಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಅದನ್ನು ಮಾವನ ಕೈಗೆ ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ.

ಮನೆಗೆ ಬಂದ ಮೇಲೆ ನಮ್ಮ ಮನೆಯವರು ಅಪ್ಪನ ಮೇಲೆ ಹರಿಹಾಯ್ದರು. "ಬುದ್ಧಿ ಐತಾ ನಿಂಗೆ? ಜನ್ಮದಾಗೆ ಒಂದ್ ಲೋಟ ತೊಳೆದೋನಲ್ಲ, ನಿಂಗ್ಯಾಕೆ ಬೇಕಿತ್ತು ಒಲೆ ಉಸಾಬರಿ? ನಮ್ಮವ್ವನ್ನ ಕುಂಟಿ ಮಾಡಿದಿ!"

ಮಾವ ಒಂದು ಮಾತಿಗೂ ಎದುರಾಡಲಿಲ್ಲ. ಆಡಿದ್ದು ನಾನು. "ಅವರಿಗೆ ತಿಳೀದೆ ಮಾಡಿದ್ರು. ನೀವು ತಿಳಿದು ಏನ್ ಮಾಡಿದ್ರಿ? ಒಂದಿನ ನಿಮ್ಮವ್ವನ ಕಾಲು ಮುಟ್ಟಿ ಬಟ್ಟೆ ಕಟ್ಟಿದ್ರಾ?" ಎಂದೆ. ನಮ್ಮ ಮನೆಯವರು ಗಾಡಿಯ ಕೀಲಿ ಎತ್ತಿಕೊಂಡು ಹೊರಗೆ ಹೋದರು.

ಮತ್ತೆ ಜನ ನೋಡಲು ಬಂದರು. ಮತ್ತೆ ಬ್ರೆಡ್ಡು. ಯರ್ರಮ್ಮನೂ ತಂದಳು, ಈ ಸಲ ಬಾಯಿ ತೆರೆಯದೆ ಅವ್ವನ ಕಾಲ ಬಳಿ ಕೂತು ಹೋದಳು. ಗೂಡು ತುಂಬಿ ಹನ್ನೊಂದು ಪ್ಯಾಕೆಟ್ ಆದವು. ಮಾವ ಅದರತ್ತ ನೋಡಲಾರದೆ ಮೂರು ದಿನ ಜಗಲಿಯಲ್ಲೇ ಮುಖ ಆಚೆ ತಿರುಗಿಸಿ ಕೂತರು. ನಾಲ್ಕನೇ ದಿನ ಬೆಳಗ್ಗೆ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿಕೊಂಡು ಹೋಗಿ ಜುಂಜಪ್ಪನ ಕುರಿ ದೊಡ್ಡಿಯಲ್ಲಿ ಸುರಿದು ಬಂದರು. ಬಂದವರು ಕೈಕಾಲು ತೊಳೆದುಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತರು.

"ಗೀತಮ್ಮ, ಮುದ್ದೆ ತಿರುವೋದು ತೋರ್ಸವ್ವ."

ನಾನು ಅವರ ಮುಖ ನೋಡಿದೆ. ನಗಲಿಲ್ಲ. ಎಸರು ಇಟ್ಟೆ, ಹಿಟ್ಟು ಹಾಕಿದೆ, ಮುದ್ದೆ ಕೋಲು ಅವರ ಕೈಗೆ ಕೊಟ್ಟೆ. "ಬಿಗಿ ಹಿಡೀರಿ ಮಾವ. ಗಂಟಾಗ್ತೈತೆ, ಬಿಡಬ್ಯಾಡ್ರಿ." ಬೆವರು ಸುರಿಸಿಕೊಂಡು ತಿರುವಿದರು. ಆದರೂ ಗಂಟಾಯಿತು. ಒದ್ದೆ ಕೈಯಲ್ಲಿ ಉಂಡೆ ಕಟ್ಟುವಾಗ ಹಳೆಯ ಬೊಬ್ಬೆಯ ಮೇಲೆ ಮತ್ತೆ ಸುಟ್ಟುಕೊಂಡರು. ಸೊಪ್ಪಿನ ಸಾರು ಬಿಟ್ಟು ತಟ್ಟೆಯನ್ನು ಅತ್ತೆಯ ಮುಂದೆ ಇಟ್ಟು, ಅಲ್ಲಿ ಕೂರಲು ಮನಸ್ಸು ಬಾರದೆ ಜಗಲಿಗೆ ಹೋದರು.

ಅತ್ತೆ ಮುದ್ದೆ ಮುರಿದರು. ಒಳಗೆ ಒಣ ಹಿಟ್ಟು ಹಾಗೇ ಇತ್ತು. ಒಂದು ಚೂರೂ ಬಿಡದೆ ಉಂಡರು. ತಟ್ಟೆ ಎತ್ತಲು ಬಗ್ಗಿದ ನನ್ನ ಮುಂಗೈ ಹಿಡಿದುಕೊಂಡು, ಜಗಲಿಯ ಕಡೆ ಒಮ್ಮೆ ನೋಡಿ, ದನಿ ಇಳಿಸಿದರು.

"ಇದು ಗಂಟಲಾಗೆ ಇಳೀತು ಗೀತಾ. ಅದು ಇಳೀತಿರ್ಲಿಲ್ಲ."

"ಯಾವುದು ಅತ್ತೆ?"

"ಬಾಂಬೆ ರೊಟ್ಟಿ. ನಂಗೆ ಸಿಹಿ ಸೇರಲ್ಲ. ಸಣ್ಣೋಳಿದ್ದಾಗಿಂದ್ಲೂ ಸೇರಲ್ಲ. ಹೋಳಿಗೆ ತಟ್ಟೋವಾಗ್ಲೇ ಹೊಟ್ಟೆ ತೊಳಸ್ತೈತೆ. ಅವತ್ತು ಡಾಕ್ಟ್ರಿಗೂ ಹೇಳಿದೆ, ಎಲ್ಲಾರೂ ನಕ್ರಿ."

ನಾನು ಅಲ್ಲೇ ಕೂತುಬಿಟ್ಟೆ. "ಮಾವಂಗೆ ಹೇಳ್ಬೋದಿತ್ತಲ್ಲ!"

"ನಲವತ್ತು ವರ್ಷ ಕೇಳಿಲ್ಲ, ನಾನೂ ಹೇಳಿಲ್ಲ. ಈಗ ಹೇಳಿದ್ರೆ ಜೀವ ಇಟ್ಕಂತಾರಾ? ಹೇಳ್ಬ್ಯಾಡ ನೀನು. ನನ್ನಾಣೆ."

ನನ್ನ ಕಣ್ಣು ಅವರ ಕಾಲಿನ ಬಿಳಿ ಬಟ್ಟೆಯ ಮೇಲೆ ಹೋಯಿತು. ತಟ್ಟೆ ತೊಳೆಯಲು ಹೊರಗೆ ಹೋದೆ.

ಮಾವ ಜಗಲಿಯಿಂದ ಎದ್ದು ಬಂದರು. "ಉಂಡ್ಲಾ?"

"ಎಲ್ಲಾ ಉಂಡ್ರು ಮಾವ."

ಅವರು ತೊಳೆದ ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಟವೆಲ್ಲಿನಲ್ಲಿ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು.

"ಮುದ್ದೆ ಸುಮ್ನೆ ಹೊಟ್ಟೆಗಷ್ಟೇ. ಬಾಂಬೆ ರೊಟ್ಟಿ ಅಂದ್ರೆ ಅವಳಿಗೆ ಪ್ರಾಣ ಕಣವ್ವ. ಎಷ್ಟ್ ಆಸೆಯಿಂದ ತಿಂತಿದ್ಲು. ಅಲ್ವಾ?"

"ಹ್ಞೂಂ ಮಾವ," ಎಂದೆ.